ಕ್ಲಚ್ ಜೊತೆ ಗುದ್ದಾಡುತ್ತಿರುವವರಿಗೆ

ಸಂಜೆ ಬಳ್ಳಾರಿಯ ಕೌಲ್ ಬಜಾರ್ ಕಡೆ ಒಗ್ಗರಣೆ, ಮಿರ್ಚಿ ತಿನ್ನುತ್ತಾ ನಿಂತರೆ ಕಾರು ಕಲಿಯುತ್ತಿರುವ ನಮ್ಮ ಗುಂಪಿನಲ್ಲಿ ಈಗ ಒಂದೇ ಮಾತು: "ಇವತ್ತು ಗಾಡಿ ಎಷ್ಟು ಸಲ ಬಂದ್ ಆಯ್ತು?" ನನ್ನ ದಾಖಲೆ ಒಂದೇ ಸರ್ಕಲ್‌ನಲ್ಲಿ ನಾಲ್ಕು ಸಲ. ಹಿಂದಿನ ಆಟೋದವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಕೊನೆಗೆ ನಕ್ಕುಬಿಟ್ಟರು.

ನನಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಲಾರಿ ಡ್ರೈವರ್ ಕಾಕಾ. ಮೊದಲ ಎರಡು ದಿನ ಆಕ್ಸಿಲರೇಟರ್ ಮುಟ್ಟಲೇಬೇಡ ಅಂದರು. ಖಾಲಿ ಮೈದಾನ, ಸಮತಟ್ಟು ನೆಲ, ಬಿಸಿಲೇರುವ ಮುಂಚೆ. ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನು ತುಂಬಾ ನಿಧಾನ ಬಿಡಿ. ಒಂದು ಹಂತದಲ್ಲಿ ಇಂಜಿನ್ ಸದ್ದು ತಗ್ಗುತ್ತದೆ, ಗಾಡಿ ಸಣ್ಣಗೆ ನಡುಗುತ್ತದೆ. ಕಾಲು ಅಲ್ಲೇ ನಿಲ್ಲಿಸಿ. ಗಾಡಿ ತಾನಾಗಿಯೇ ಹೊರಡುತ್ತದೆ. ನಾವು ಮಾಡೋ ತಪ್ಪು ಅಂದರೆ, ಹೊರಟಿತು ಅಂತ ಖುಷಿಯಲ್ಲಿ ಕಾಲು ಪಟ್ಟನೆ ತೆಗೆಯೋದು. ಈ ಜಾಗ ಕಾಲಿಗೆ ಗೊತ್ತಾಗೋವರೆಗೆ ಐವತ್ತು ಸಲ ಮಾಡಿದರೂ ಜಾಸ್ತಿ ಅಲ್ಲ.

ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ಚನ್ನು ಅದೇ ನಡುಗುವ ಹಂತಕ್ಕೆ ತಂದು, ಆಮೇಲೆ ಬ್ರೇಕ್ ಬಿಡಿ. ಹಿಂದೆ ಜಾರಲ್ಲ. ಅರ್ಧ ಕ್ಲಚ್‌ನಲ್ಲೇ ಗಾಡಿ ತಡೆದು ನಿಲ್ಲಿಸಬೇಡಿ, ಪ್ಲೇಟ್ ಸವೆಯುತ್ತದೆ.

ಸಡಿಲ ಚಪ್ಪಲಿ ಬೇಡ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) 6 ತಿಂಗಳು ಇರುತ್ತೆ, 30 ದಿನ ಆದ ಮೇಲೆ ಟೆಸ್ಟ್, ಅವಸರ ಯಾಕೆ? ಪಕ್ಕದಲ್ಲಿ ಲೈಸೆನ್ಸ್ ಇರುವವರು ಮಾತ್ರ ಕಡ್ಡಾಯ. ಗಂಡ ಅಥವಾ ಅಣ್ಣ ಕೂತರೆ ಜಗಳ ಗ್ಯಾರಂಟಿ, ಬೇರೆ ಯಾರನ್ನಾದರೂ ಕರೀರಿ!