ಬಡದೇಶಗಳ ಪರವಾಗಿ ಎಂಪಿಗೆ ಅರ್ಜಿ ಹಾಕೋದು ಹೇಗೆ: ಕೊಡಗಿನ ಧರ್ಮಕೇಂದ್ರಗಳಿಗೆ

ತಪಸ್ಸು ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕಾಣಿಕೆ ಎತ್ತೋದು ನಮಗೆಲ್ಲ ಅಭ್ಯಾಸ ಇದೆ, ಅದನ್ನ ಬಿಡಬಾರದು ಕೂಡ, ಆದ್ರೆ ಇಡೀ ಜಿಲ್ಲೆಯ ಚರ್ಚುಗಳು ಸೇರಿ ಎತ್ತಿದ್ರೂ ಆಗದ ಕೆಲಸ ಕೇಂದ್ರ ಬಜೆಟ್‌ನ ಒಂದು ಸಾಲಿಂದ ಆಗುತ್ತೆ. ಪೋಪ್ 6ನೇ ಪೌಲರು 1967ರಲ್ಲೇ ಆಯುಧಕ್ಕೆ ಸುರಿಯೋ ದುಡ್ಡಲ್ಲಿ ಒಂದು ಪಾಲು ತೆಗೆದು ಬಡವರಿಗೆ ಲೋಕನಿಧಿ ಮಾಡಿ ಅಂತ ಸರ್ಕಾರಗಳನ್ನೇ ಕೇಳಿದ್ರು. ಅಂದ್ಮೇಲೆ ನಾವು ಕೇಳೋದ್ರಲ್ಲಿ ತಪ್ಪೇನಿಲ್ಲ.

ಮೊದಲು ಟೈಮ್ ನೋಡ್ಕೊಳ್ಳಿ. ಕೇಂದ್ರ ಬಜೆಟ್ ಫೆಬ್ರವರಿ 1ಕ್ಕೆ, ಅದರ ತಯಾರಿ ತಿಂಗಳುಗಟ್ಟಲೆ ಮುಂಚೆನೇ ಶುರುವಾಗಿರುತ್ತೆ, ಜನವರಿಲಿ ಪತ್ರ ಕಳಿಸಿದ್ರೆ ಏನೂ ಉಪಯೋಗ ಇಲ್ಲ. ನಮ್ಮಲ್ಲಂತೂ ಕಾಫಿ ಕುಯ್ಲು ಶುರುವಾದ್ರೆ ಮೀಟಿಂಗಿಗೆ ಯಾರೂ ಸಿಗಲ್ಲ. ಸೆಪ್ಟೆಂಬರ್ ಶುರುವಲ್ಲಿ ಬರೋ ಕೈಲ್‌ಪೊಳ್ದ್ ಹಬ್ಬ ಕಳೀತಿದ್ದಂಗೆ ಚರ್ಚಿನ ಪಾಲನಾ ಸಮಿತಿಲಿ ಮಾತಾಡಿ, ಅಕ್ಟೋಬರ್‌ಲಿ ಮನೆಮನೆ ಜಪಸರಕ್ಕೆ ಜನ ಸೇರ್ತಾರಲ್ಲ, ಅಲ್ಲೇ ಪತ್ರ ಓದಿ ಹೇಳಿ ಸಹಿ ಹಾಕಿಸಿ. ಕೊಂಕಣಿ, ಮಲಯಾಳಂ, ತಮಿಳು ಮನೆಗಳಲ್ಲಿ ಅವರ ಭಾಷೇಲೇ ಹೇಳಿ, ಅರ್ಥ ಆಗದೆ ಹಾಕಿದ ಸಹಿ ಬೇಡ.

ಇನ್ನು ಪತ್ರದಲ್ಲಿ ಏನು ಬರೀಬೇಕು ಅನ್ನೋದು ಮುಖ್ಯ. "ಬಡತನ ಹೋಗಲಾಡಿಸಿ" ಅಂತ ಬರೆದ್ರೆ ಎಂಪಿ ಏನು ಮಾಡಕ್ಕಾಗುತ್ತೆ ಹೇಳಿ? ನೇರವಾಗಿ ಹೆಸರು ಹಿಡಿದು ಕೇಳಿ. ವಿದೇಶಾಂಗ ಇಲಾಖೆ ಬಜೆಟ್‌ನಲ್ಲಿ ಬೇರೆ ದೇಶಗಳಿಗೆ ನೆರವು ಅಂತ ಒಂದು ಬಾಬ್ತು ಇದೆ, ಅದರಲ್ಲಿ ದೊಡ್ಡ ಪಾಲು ಭೂತಾನಕ್ಕೆ ಹೋಗುತ್ತೆ. ಆ ನೆರವಿನ ಬಾಬ್ತಲ್ಲಿ ಆಫ್ರಿಕಾದ ಕಡುಬಡ ದೇಶಗಳ ಆಸ್ಪತ್ರೆಗೆ, ಕೃಷಿಗೆ ಹೆಚ್ಚು ಕೊಡಿ, ಸಾಲದ ಬದಲು ಅನುದಾನ ಕೊಡಿ ಅಂತ ಕೇಳಿ. ವಿಶ್ವ ಬ್ಯಾಂಕಿನ ಐಡಿಎ ಅಂತ ಒಂದು ಸಂಸ್ಥೆ ಇದೆ, ಬಡದೇಶಗಳಿಗೆ ಕಮ್ಮಿ ಬಡ್ಡಿಗೆ ಸಾಲ, ಅನುದಾನ ಕೊಡೋದು. ನಮ್ಮ ದೇಶ ಎಷ್ಟೋ ವರ್ಷ ಅಲ್ಲಿಂದ ತಗೊಂಡು 2014ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂದು ಈಗ ನಾವೇ ಕೊಡೋರಾಗಿದ್ದೀವಿ, ಆ ಕೊಡುಗೆ ಜಾಸ್ತಿ ಮಾಡಿ ಅಂತಾನೂ ಬರೀಬಹುದು. 2025ರಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ತನ್ನ ಯುಎಸ್ಏಡ್ ಸಂಸ್ಥೆನೇ ಮುಚ್ಚಿಬಿಟ್ಟ ಮೇಲೆ ಇದು ಇನ್ನೂ ಅರ್ಜೆಂಟ್ ಆಗಿದೆ.

ಒಂದು ಮಾತು ಖಂಡಿತ, ಈ ಪತ್ರದಲ್ಲಿ ನಮ್ಮ ಶಾಲೆ, ನಮ್ಮ ಚರ್ಚ್ ಕಾಂಪೌಂಡ್ ವಿಷಯ ಸೇರಿಸಬೇಡಿ. ಟಿಪ್ಪು ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸ ಆಸರೆ ಕೊಟ್ಟು 1792ರಲ್ಲಿ ವಿರಾಜಪೇಟೆಲಿ ಸಂತ ಅನ್ನಮ್ಮ ಚರ್ಚ್ ಎದ್ದು ನಿಲ್ತು, ಆ ಅರಸ ನಮ್ಮ ಧರ್ಮದವನೇನಲ್ಲ. ನಾವೂ ಹಾಗೇ, ಯಾವ ಧರ್ಮ ಅಂತ ನೋಡದೆ ಬಡವರಿಗೋಸ್ಕರ ಕೇಳಬೇಕು. ಪಾರ್ಟಿ ಹೆಸರೂ ಬೇಡ.

"ನಮ್ಮ ತೋಟದ ಕೂಲಿಕಾರರ ಲೈನ್ ಮನೆಗಳಲ್ಲೇ ಇಷ್ಟು ಕಷ್ಟ ಇದೆ, ಆಫ್ರಿಕಾ ಯಾಕೆ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ ಅದು, ಅವರ ಬಾಯಿ ಮುಚ್ಚಿಸಬೇಡಿ. ಯರವ, ಜೇನುಕುರುಬರ ಹಾಡಿಗಳಿಗೆ ಬರಬೇಕಾದ ಬುಡಕಟ್ಟು ಉಪಯೋಜನೆ ದುಡ್ಡಿನ ಬಗ್ಗೆ ಎಂಎಲ್‌ಎಗೆ ಬೇರೆ ಪತ್ರ ಬರೀರಿ, ರಾಜ್ಯ ಬಜೆಟ್‌ಗೆ ಮುಂಚೆ, ಅದೇ ಸಹಿ ಮಾಡಿದೋರ ಕೈಲೇ. ಎರಡೂ ಒಟ್ಟಿಗೆ ಆಗಲ್ಲ ಅಂತ ಏನಿಲ್ಲ. 2018ರ ಆಗಸ್ಟ್‌ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ನಮ್ಮ ಮುಖ ನೋಡಿರದ ಜನ ಅಕ್ಕಿ ಬಟ್ಟೆ ಕಳಿಸಿದ್ರು, ಅವರ ಊರಲ್ಲೂ ಬಡವರು ಇದ್ದೇ ಇದ್ರು. ಇಥಿಯೋಪಿಯಾ, ಉಗಾಂಡದ ಸಣ್ಣ ರೈತರೂ ಕಾಫಿನೇ ಬೆಳೆಯೋದು, ಮಳೆ ಕೈಕೊಟ್ರೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪತ್ರ ಪೋಸ್ಟ್ ಮಾಡಿ ಕೂರಬೇಡಿ, ಮೈಸೂರು-ಕೊಡಗು ಎಂಪಿ ಜಿಲ್ಲೆಗೆ ಬಂದಾಗ ನಾಲ್ಕೈದು ಜನ ಹೋಗಿ ಕೈಗೇ ಕೊಡಿ. ಫಾದರ್ ಒಬ್ಬರೇ ಹೋಗೋದಕ್ಕಿಂತ ಒಬ್ಬ ಬೆಳೆಗಾರ, ಒಬ್ಬ ಟೀಚರ್, ಲೈನ್ ಮನೇಲಿರೋ ಒಬ್ಬ ಅಕ್ಕ ಇದ್ರೆ ಒಳ್ಳೇದು, ಆ ಅಕ್ಕನೇ ಮೊದಲು ಮಾತಾಡಲಿ. ಜೊತೆಗೆ ಲೋಕಸಭೇಲಿ ಕೇಳಕ್ಕೆ ಒಂದು ಪ್ರಶ್ನೆ ರೆಡಿ ಮಾಡಿಕೊಡಿ: ಕಳೆದ ಮೂರು ವರ್ಷದಲ್ಲಿ ಯಾವ ದೇಶಕ್ಕೆ ಎಷ್ಟು ಅನುದಾನ, ಎಷ್ಟು ಸಾಲ, ಅದ್ರಲ್ಲಿ ಖರ್ಚಾಗಿದ್ದೆಷ್ಟು. ಚುಕ್ಕೆ ಇಲ್ಲದ (ಅನ್‌ಸ್ಟಾರ್ಡ್) ಪ್ರಶ್ನೆಗೆ ಸಚಿವರು ಬರಹದಲ್ಲೇ ಉತ್ತರ ಕೊಡಬೇಕು, ಆದ್ರೆ ಎಂಪಿ 15 ದಿನ ಮುಂಚೆ ನೋಟಿಸ್ ಕೊಡಬೇಕಾಗುತ್ತೆ, ಹಾಗಾಗಿ ಅಧಿವೇಶನದ ಡೇಟ್ ನೋಡ್ಕೊಂಡು ಹೋಗಿ. ಉತ್ತರ ಲೋಕಸಭೆ ವೆಬ್‌ಸೈಟಲ್ಲಿ ಬರುತ್ತೆ, ಪ್ರಿಂಟ್ ತೆಗೆದು ಚರ್ಚ್ ನೋಟಿಸ್ ಬೋರ್ಡಿಗೆ ಹಾಕಿ. ಕೊಟ್ಟಿದ್ದು, ಖರ್ಚಾಗಿದ್ದು ಎರಡಕ್ಕೂ ವ್ಯತ್ಯಾಸ ಕಂಡ್ರೆ ಮುಂದಿನ ಪತ್ರ ಅದರ ಮೇಲೇ ಬರೀರಿ.