ಆಯತದ ಬಾಯಿಲೆಕ್ಕ: ಸುತ್ತಳತೆ ಕೊಟ್ಟರೆ ಮೊದಲು ಅರ್ಧ ಮಾಡಿ

ಎಂಟನೇ ತರಗತಿಯವರು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಒಂದು ಪತ್ರಿಕೆಗೆ 90 ಪ್ರಶ್ನೆ, 90 ನಿಮಿಷ. ಅಂದ್ರೆ ಒಂದಕ್ಕೆ ಒಂದೇ ನಿಮಿಷ. ಅಷ್ಟರಲ್ಲಿ ‘ಅಗಲ ಎಕ್ಸ್ ಆಗಿರಲಿ’ ಅಂತ ಶುರು ಮಾಡಿದರೆ ಪೆನ್ನು ಓಡುತ್ತೆ, ಟೈಮೂ ಓಡುತ್ತೆ. ಆಯತದ ಲೆಕ್ಕಗಳಲ್ಲಿ ಜಾಸ್ತಿ ಪಾಲು ಬಾಯಲ್ಲೇ ಆಗುತ್ತವೆ.

ಮೊದಲು ಕೇಳಿದ್ದು ಏನು ಅಂತ ನೋಡಿ. ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದರೆ ಅದು ಸುತ್ತಳತೆ, ಬದುವಿನ ಒಳಗೆ ಬಿತ್ತಿದ್ದು ವಿಸ್ತೀರ್ಣ. ತಂತಿ ಬೇಲಿ ಅಂದ್ರೆ ಸುತ್ತಳತೆ, ನೆಲಕ್ಕೆ ಫರ್ಸಿ (ಹಾಸುಗಲ್ಲು) ಹಾಸೋದು ಅಂದ್ರೆ ವಿಸ್ತೀರ್ಣ. ಬೇಲಿಗೆ ನಾಲ್ಕು ಎಳೆ ತಂತಿ ಅಂತ ಕೊಟ್ಟಿದ್ದರೆ ಸುತ್ತಳತೆಯನ್ನು ನಾಲ್ಕರಿಂದ ಗುಣಿಸೋದು ಮರೀಬೇಡಿ.

ಈಗ ಮುಖ್ಯ ವಿಷಯ. ಸುತ್ತಳತೆ ಕೊಟ್ಟಿದ್ದರೆ ಹಿಂದೆ ಮುಂದೆ ನೋಡದೆ ಅರ್ಧ ಮಾಡಿ. ಆ ಅರ್ಧವೇ ಉದ್ದ ಮತ್ತು ಅಗಲದ ಮೊತ್ತ. ‘ಸುತ್ತಳತೆ 46 ಮೀಟರ್, ಉದ್ದ ಅಗಲಕ್ಕಿಂತ 5 ಮೀಟರ್ ಜಾಸ್ತಿ’ ಅಂತ ಇದೆ ಅಂದುಕೊಳ್ಳಿ. ಅರ್ಧ 23. ಜಾಸ್ತಿ ಇರೋ 5 ತೆಗೆದರೆ 18, ಅದರ ಅರ್ಧ 9. ಅಗಲ 9, ಉದ್ದ 14, ವಿಸ್ತೀರ್ಣ 126. ಸಮೀಕರಣ ಎಲ್ಲಿ ಬೇಕಾಯ್ತು?

‘ಎರಡರಷ್ಟು’, ‘ಮೂರರಷ್ಟು’ ಅಂತ ಬಂದರೆ ಪಾಲು ಹಾಕಿ. ವಾಲಿಬಾಲ್ ಅಂಕಣದ ಸುತ್ತಳತೆ 54 ಮೀಟರ್, ಉದ್ದ ಅಗಲದ ಎರಡರಷ್ಟು. ಅರ್ಧ 27, ಅದರಲ್ಲಿ ಮೂರು ಪಾಲು, ಒಂದು ಪಾಲು 9. ಹಾಗಾಗಿ 18 ಮತ್ತು 9. ನಿಜವಾದ ಅಂಕಣದ ಅಳತೆಯೂ ಇದೇ, ಬೇಕಿದ್ರೆ ಶಾಲೆ ಮೈದಾನದಲ್ಲಿ ಟೇಪು ಹಿಡಿದು ನೋಡಿ (ಸುಣ್ಣದ ಗೆರೆ ನೆಟ್ಟಗೆ ಎಳೆದಿದ್ದರೆ!).

ಮಕ್ಕಳು ಹೆದರೋದು ಎರಡೂ ಕೊಟ್ಟಾಗ. ಸುತ್ತಳತೆ 40, ವಿಸ್ತೀರ್ಣ 96, ಉದ್ದ ಎಷ್ಟು? ಮೊತ್ತ 20, ಅದರ ಮಧ್ಯ 10. ಎರಡೂ ಬದಿ 10 ಇದ್ದಿದ್ರೆ ವಿಸ್ತೀರ್ಣ 100 ಆಗಬೇಕಿತ್ತು, ಇಲ್ಲಿ 4 ಕಡಿಮೆ ಇದೆ. 4 ಅಂದ್ರೆ 2ರ ವರ್ಗ, ಹಾಗಾಗಿ 10ರಿಂದ ಆ ಕಡೆ 2, ಈ ಕಡೆ 2 ಸರಿಯಿರಿ: 12 ಮತ್ತು 8. ಇದೇ ದಾರಿ ಗುಣಾಕಾರಕ್ಕೂ ಬರುತ್ತೆ. 24 ಗುಣಿಸು 16 ಬೇಕಾ? ಮಧ್ಯ 20, ಅದರ ವರ್ಗ 400, ಅದರಲ್ಲಿ 4ರ ವರ್ಗ 16 ಕಳೆದರೆ 384. ಅದಕ್ಕೇ 25ರವರೆಗಿನ ವರ್ಗಗಳು ಮಗ್ಗಿ ಥರ ಬಾಯಲ್ಲಿ ಇರಬೇಕು ಅಂತ ನಾನು ಹಠ ಹಿಡಿಯೋದು.

ತೋಟದ ಸುತ್ತ ದಾರಿ ಇರೋ ಲೆಕ್ಕದಲ್ಲಿ ಎಡವೋರು ತುಂಬಾ. 20 ಮೀಟರ್ ಉದ್ದ, 15 ಮೀಟರ್ ಅಗಲದ ತೋಟ, ಹೊರಗೆ 1 ಮೀಟರ್ ದಾರಿ. ದಾರಿ ಎರಡೂ ಕಡೆ ಇರುತ್ತೆ ಅಲ್ವಾ, ಹಾಗಾಗಿ ಹೊರ ಅಳತೆ 21 ಮತ್ತು 16 ಅಲ್ಲ, 22 ಮತ್ತು 17. ಬಾಯಲ್ಲಿ ಮಾಡೋದಾದ್ರೆ ಸುತ್ತಳತೆ 70ನ್ನು ದಾರಿಯ ಅಗಲದಿಂದ ಗುಣಿಸಿ, ನಾಲ್ಕು ಮೂಲೆಯ ಚೌಕ ಸೇರಿಸಿ: 70 ಕೂಡಿಸು 4, ಒಟ್ಟು 74 ಚದರ ಮೀಟರ್. ದಾರಿ ಒಳಗಿದ್ದರೆ ಆ 4 ಕಳೆಯಿರಿ, 66.

ಫರ್ಸಿ ಲೆಕ್ಕದಲ್ಲಿ ವಿಸ್ತೀರ್ಣ ಭಾಗಿಸೋ ಬದಲು ಸಾಲು ಎಣಿಸಿ. 12 ಅಡಿ, 10 ಅಡಿ ಕೋಣೆಗೆ ಎರಡಡಿ ಚೌಕದ ಫರ್ಸಿ ಅಂದ್ರೆ ಸಾಲಿಗೆ 6, ಅಂಥವು 5 ಸಾಲು, ಒಟ್ಟು 30. ಬಾಗಲಕೋಟೆ ಕಡೆ ಮನೆ ಕಟ್ಟಿಸಿದವರಿಗೆ ಇದು ಹೊಸದೇನಲ್ಲ. ಕೋಣೆ 11 ಅಡಿ, 9 ಅಡಿ ಆದರೆ? 99ನ್ನು 4ರಿಂದ ಭಾಗಿಸಿ 25 ಸಾಕು ಅಂತ ಕಾಗದ ಹೇಳುತ್ತೆ, ಆದರೆ ಕತ್ತರಿಸಿದ ತುಂಡನ್ನು ಬೇರೆ ಕಡೆ ಜೋಡಿಸದಿದ್ದರೆ 30 ಬೇಕು.

ಸೈಟಿನ ಲೆಕ್ಕಕ್ಕೆ ಒಂದು ಅಳತೆ ನೆನಪಿರಲಿ. ಗುಂಟೆ ಅಂದ್ರೆ ಉದ್ದ 33 ಅಡಿ, ಅಗಲ 33 ಅಡಿ, ಒಟ್ಟು 1089 ಚದರ ಅಡಿ. ಹಾಗಾದ್ರೆ ಉದ್ದ 40, ಅಗಲ 30 ಅಡಿಯ ಸೈಟು ಗುಂಟೆಗಿಂತ ಎಷ್ಟು ದೊಡ್ಡದು? ಪೆನ್ನು ಮುಟ್ಟದೆ 111 ಚದರ ಅಡಿ ಅಂತ ಬಂದರೆ ಸರಿ.