ಲೈಬ್ರರಿ ಹಂಚಿಕೊಳ್ಳಬೇಕೆ, ಒಳಗೇ ತುಂಬಿಕೊಳ್ಳಬೇಕೆ?

ನಾನು ಬರೆದ ಪುಟ್ಟ ಇ-ಪುಸ್ತಕದ ಆ್ಯಪ್‌ನಲ್ಲಿ ಒಂದು ದಿನ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗಿತ್ತು. ಅದೇ ಕಡತವನ್ನು ಅದೇ ಕಂಪ್ಯೂಟರಿನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಎಲ್ಲ ಸರಿ. ಫಾಂಟೂ ಅದೇ. ಅರ್ಧ ದಿನ ಫಾಂಟನ್ನು ಬೈದ ಮೇಲೆ ಗೊತ್ತಾಯಿತು, ತಪ್ಪು ಆ್ಯಪ್ ಹಂಚಲು ನಾನು ಕಟ್ಟಿದ ಪ್ಯಾಕೇಜಿನಲ್ಲಿತ್ತು.

ಕನ್ನಡದ ಒತ್ತಕ್ಷರ, ಅರ್ಕಾವತ್ತುಗಳನ್ನು ಲಿನಕ್ಸ್‌ನಲ್ಲಿ ಜೋಡಿಸಿ ಕೊಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು. ‘ರ‍್ಯಾ’ ಬರಬೇಕಾದರೆ ರ, ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ, ಹಲಂತ ಈ ಕ್ರಮದಲ್ಲಿ ಇರಬೇಕು. ಹಳೆಯ ಕಡತಗಳಲ್ಲಿ ಜಾಯ್ನರ್ ಹಲಂತದ ನಂತರ ಬರುವುದುಂಟು, ನನ್ನ ಕಡತವೂ ಅಂಥದ್ದೇ. ಆ ಹಳೆಯ ರೂಢಿಯನ್ನೂ ಸರಿಯಾಗಿ ತೋರಿಸುವ ತಿದ್ದುಪಡಿ ಹಾರ್ಫ್‌ಬಜ್‌ಗೆ ಆಮೇಲೆ ಸೇರಿತು. ಎಡಿಟರ್ ಬಳಸುತ್ತಿದ್ದದ್ದು ಸಿಸ್ಟಮ್ಮಿನ ಹೊಸ ಹಾರ್ಫ್‌ಬಜ್. ನನ್ನ ಆ್ಯಪ್ ತನ್ನ ಹೊಟ್ಟೆಯಲ್ಲೇ ಹಳೆಯದೊಂದು ಪ್ರತಿ ಇಟ್ಟುಕೊಂಡಿತ್ತು.

ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಶೇರ್ಡ್ ಲೈಬ್ರರಿ ಊರ ಹಿಟ್ಟಿನ ಗಿರಣಿ ಇದ್ದಂತೆ, ಪ್ರೋಗ್ರಾಂ ಒಳಗೇ ನಕಲಾಗಿ ಸೇರುವ ಸ್ಟ್ಯಾಟಿಕ್ ಲೈಬ್ರರಿ ಮನೆಯ ಬೀಸುಕಲ್ಲು. ಗಿರಣಿ ಕೆಟ್ಟರೆ ಊರಿಗೇ ಹಿಟ್ಟಿಲ್ಲ, ನಿಜ. ಆದರೆ ರಿಪೇರಿ ಒಂದೇ ಕಡೆ ಸಾಕು. ಬೀಸುಕಲ್ಲು ಸವೆದರೆ ಉಳಿ ಹೊಡೆಸುವ ಕೆಲಸ ನಿಮ್ಮದೇ. 2002ರಲ್ಲಿ, ಕಡತ ಕುಗ್ಗಿಸುವ ಲೈಬ್ರರಿಯಾದ ಝಡ್‌ಲಿಬ್ 1.1.3ರಲ್ಲಿ ಭದ್ರತಾ ದೋಷ ಸಿಕ್ಕಾಗ ಸಿಸ್ಟಮ್ಮಿನ ಲೈಬ್ರರಿಯನ್ನು 1.1.4ಕ್ಕೆ ಏರಿಸಿದರೆ ಮುಗಿಯಲಿಲ್ಲ. ಅದರ ನಕಲನ್ನು ಒಳಗಿಟ್ಟುಕೊಂಡ ಪ್ರೋಗ್ರಾಂಗಳನ್ನೆಲ್ಲ ಹುಡುಕಿ ಒಂದೊಂದನ್ನೇ ಮತ್ತೆ ಕಟ್ಟಬೇಕಾಯಿತು.

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಿಗೆ ಪ್ಯಾಕೇಜ್ ಕಟ್ಟುವವರು ಹೀಗೆ ಮಾಡಿ.

ಮೊದಲು ಮೂಲ ಕೋಡ್ ಬಿಚ್ಚಿ ‘ಸಬ್‌ಪ್ರಾಜೆಕ್ಟ್ಸ್’, ‘ಥರ್ಡ್ ಪಾರ್ಟಿ’ ಅಂತೆಲ್ಲ ಹೆಸರಿರುವ ಫೋಲ್ಡರ್ ಹುಡುಕಿ. ಬೇರೆಯವರ ಲೈಬ್ರರಿಗಳ ನಕಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸಿಸ್ಟಮ್ಮಿನಲ್ಲಿ ಸಿಗುವಂಥದ್ದಾದರೆ ಕಾಪಿರೈಟ್ ಕಡತದ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಸಾಲಿನಲ್ಲಿ ಬರೆದು ಮೂಲ ಟಾರ್ ಕಡತದಿಂದಲೇ ತೆಗೆಸಿಬಿಡಿ.

ಆಮೇಲೆ ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಕಡತದಲ್ಲಿ, ಕಟ್ಟಲು ಬೇಕಾದವುಗಳ ಪಟ್ಟಿಯಾದ ‘ಬಿಲ್ಡ್-ಡಿಪೆಂಡ್ಸ್’ನಲ್ಲಿ ‘ಲಿಬ್‌ಹಾರ್ಫ್‌ಬಜ್-ಡೆವ್’ ಸೇರಿಸಿ. ನಾನು ಮರೆತದ್ದು ಈ ಒಂದು ಸಾಲು. ಕೋಡ್ ಕಟ್ಟುವ ಸಾಧನ ಮೆಸಾನ್ ಮೊದಲು ಸಿಸ್ಟಮ್ಮಿನಲ್ಲಿ ಲೈಬ್ರರಿ ಹುಡುಕುತ್ತದೆ. ಸಿಗದಿದ್ದರೆ, ಪ್ರಾಜೆಕ್ಟಿನಲ್ಲಿ ಹಾಗೆ ಬರೆದಿದ್ದರೆ, ಪಕ್ಕದ ಫೋಲ್ಡರಿನ ನಕಲನ್ನೇ ಎತ್ತಿಕೊಳ್ಳುತ್ತದೆ. ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ತಡೆಯುವುದು ಇಂಟರ್‌ನೆಟ್ಟಿನಿಂದ ಇಳಿಸುವುದನ್ನು ಮಾತ್ರ, ಆಗಲೇ ಒಳಗಿರುವ ನಕಲಿಗೆ ಅದರ ಅಡ್ಡಿಯಿಲ್ಲ. ಎರರ್ ಇಲ್ಲ, ಬಿಲ್ಡ್ ಪಾಸ್, ನಾನೂ ಖುಷಿ. ಫೋಲ್ಡರ್ ತೆಗೆದಿದ್ದರೆ ಅವತ್ತೇ ಎರರ್ ಹೊಡೆದು ಎಚ್ಚರಿಸುತ್ತಿತ್ತು.

ಓಡಲು ಬೇಕಾದವುಗಳ ಪಟ್ಟಿಯಾದ ‘ಡಿಪೆಂಡ್ಸ್’ ಸಾಲಿನಲ್ಲಿ ಲೈಬ್ರರಿಯ ಹೆಸರನ್ನು ಕೈಯಾರೆ ಬರೆಯಬೇಡಿ. ‘ಶ್‌ಲಿಬ್ಸ್:ಡಿಪೆಂಡ್ಸ್’ ಎಂಬ ವೇರಿಯಬಲ್ ಇಟ್ಟರೆ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ತಾನೇ ನೋಡಿ ‘ಲಿಬ್‌ಹಾರ್ಫ್‌ಬಜ್0ಬಿ’ ಎಂದು, ಬೇಕಾದ ಕನಿಷ್ಠ ಆವೃತ್ತಿಯ ಸಮೇತ, ತುಂಬುತ್ತದೆ. ಹೆಸರಿನೊಳಗಿನ ಸೊನ್ನೆಯನ್ನು ಗಮನಿಸಿ. ಲೈಬ್ರರಿ ಕಡತದೊಳಗೆ ಬರೆದಿರುವ ಹೆಸರು, ಅಂದರೆ ಸೋನೇಮ್, ‘.ಎಸ್‌ಒ.0’ ಎಂದು ಮುಗಿಯುತ್ತದೆ, ಪ್ಯಾಕೇಜಿನ ಹೆಸರಿಗೂ ಅದೇ ಅಂಕಿ. ಹಳೆಯ ಪ್ರೋಗ್ರಾಂಗಳನ್ನು ಮುರಿಯುವಂಥ ಬದಲಾವಣೆ ಬಂದಾಗ ಮಾತ್ರ ಈ ಅಂಕಿ ಏರಬೇಕು. ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅದು 1.1ರಿಂದ 3ಕ್ಕೆ ಏರಿದಾಗ, ಹಳೆಯದಕ್ಕೆ ಕಟ್ಟಿದ ಪ್ರೋಗ್ರಾಂಗಳು ಉಬುಂಟು 22.04ರಲ್ಲಿ ‘ಲಿಬ್‌ಎಸ್‌ಎಸ್‌ಎಲ್ 1.1 ಸಿಗುತ್ತಿಲ್ಲ’ ಎಂದು ತೆರೆಯದೇ ಕೂತವು. ಗಿರಣಿಯನ್ನು ನಂಬಿದ್ದಕ್ಕೆ ತೆರುವ ಬೆಲೆ ಇದು. ಮತ್ತೆ ಕಂಪೈಲ್ ಮಾಡದೆ ಗತಿಯಿಲ್ಲ.

ಕೊನೆಗೆ ತಪಾಸಣೆ. ಬಿಲ್ಡ್ ಪಾಸಾಯಿತೆಂದು ನಂಬಬೇಡಿ. ತಯಾರಾದ ಬೈನರಿಯ ಮೇಲೆ, ಅದರ ಒಳವಿವರ ತೋರಿಸುವ ರೀಡ್‌ಎಲ್ಫ್ ಅನ್ನು ‘-ಡಿ’ ಆಯ್ಕೆಯೊಡನೆ ಓಡಿಸಿ. ‘ನೀಡೆಡ್’ ಎಂಬ ಸಾಲುಗಳಲ್ಲಿ ಹಾರ್ಫ್‌ಬಜ್ ಹೆಸರು ಕಾಣಬೇಕು. ಆ್ಯಪ್ ಅದನ್ನು ನೇರವಾಗಿ ಬಳಸುತ್ತಿದ್ದೂ ಹೆಸರಿಲ್ಲದಿದ್ದರೆ ನಕಲು ಒಳಗೇ ಕೂತಿದೆ ಎಂದರ್ಥ. ಇದಕ್ಕೆ ಎಲ್‌ಡಿಡಿಯನ್ನೂ ಬಳಸುತ್ತಾರೆ. ಆದರೆ ಅದು ಕೆಲವೊಮ್ಮೆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು, ಗೊತ್ತಿಲ್ಲದ ಕಡೆಯಿಂದ ಬಂದ ಬೈನರಿಗೆ ಅದು ಬೇಡ.

ಸ್ಟ್ಯಾಟಿಕ್ ಯಾವಾಗಲೂ ತಪ್ಪೇನಲ್ಲ. ಸಿಸ್ಟಮ್ಮೇ ಹಾಳಾದಾಗ ಕೈಗೆ ಬರಬೇಕಾದ, ಹಲವು ಮೂಲ ಆಜ್ಞೆಗಳನ್ನು ಒಂದೇ ಕಡತದಲ್ಲಿಟ್ಟ ಬ್ಯುಸಿಬಾಕ್ಸ್‌ನಂಥ ಸಾಧನ ಸ್ಟ್ಯಾಟಿಕ್ ಆಗಿದ್ದರೇ ಉಪಯೋಗ. ಗೋ, ರಸ್ಟ್ ಭಾಷೆಗಳಲ್ಲಿ ಲೈಬ್ರರಿಗಳು ಒಳಗೇ ಸೇರುವುದು ರೂಢಿ. ಆಗ ಯಾವ ಆವೃತ್ತಿ ಒಳಗಿದೆ ಎಂದು ಬರೆದಿಟ್ಟುಕೊಳ್ಳಿ, ಅದರ ಭದ್ರತಾ ಸುದ್ದಿಯ ಮೇಲೂ ಕಣ್ಣಿಡಿ. ಎಲ್‌ಜಿಪಿಎಲ್ ಪರವಾನಗಿಯ ಲೈಬ್ರರಿಯಾದರೆ, ಬಳಕೆದಾರರು ಅದನ್ನು ಬದಲಿಸಿ ಮತ್ತೆ ಲಿಂಕ್ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಕಡತಗಳನ್ನೋ ಮೂಲ ಕೋಡನ್ನೋ ಕೊಡಬೇಕಾಗುತ್ತದೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿಯನ್ನು ಸ್ಟ್ಯಾಟಿಕ್ ಮಾಡಲು ಹೋದರೆ, ಸರ್ವರ್ ಹೆಸರಿನಿಂದ ವಿಳಾಸ ಹುಡುಕುವ ಕೆಲಸಕ್ಕೆ ಶೇರ್ಡ್ ಲೈಬ್ರರಿ ಬೇಕೇ ಬೇಕು ಎಂದು ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್ ಎಚ್ಚರಿಸುತ್ತದೆ. ಆ ಎಚ್ಚರಿಕೆ ಕಂಡರೆ ಆಲ್ಪೈನ್ ಲಿನಕ್ಸ್‌ನಲ್ಲಿರುವ ಮಸ್ಲ್ ಎಂಬ ಇನ್ನೊಂದು ಸಿ ಲೈಬ್ರರಿ ಬಳಸಿ ಕಟ್ಟಿ ನೋಡಿ.